ಹಳೆಯ ಮ್ಯಾಕಿಂತೋಷ್‌ಗೆ ದೊಡ್ಡ ಪರದೆ ಜೋಡಿಸುವುದು: ಮೂರು ಪಿನ್, ಒಂದು ಕೇಬಲ್, ಸ್ವಲ್ಪ ಲೆಕ್ಕ

1984ರ ಜನವರಿಯಲ್ಲಿ ಬಂದ ಮೊದಲ ಮ್ಯಾಕಿಂತೋಷ್‌ನ 9 ಇಂಚಿನ ಪರದೆಯಲ್ಲಿ ಅಡ್ಡಕ್ಕೆ 512, ಉದ್ದಕ್ಕೆ 342 ಚುಕ್ಕೆಗಳು. ಬಣ್ಣವಿಲ್ಲ, ಬೂದು ಛಾಯೆಯೂ ಇಲ್ಲ. ಪರದೆ ಡಬ್ಬದೊಳಗೇ ಇದ್ದುದರಿಂದ ಬೇರೆ ಮಾನಿಟರ್ ಹಾಕುವ ದಾರಿಯೂ ಇರಲಿಲ್ಲ. ಆ ದಾರಿ ಸಲೀಸಾಗಿ ತೆರೆದದ್ದು 1987ರ ಮ್ಯಾಕಿಂತೋಷ್ ಟು. ಅದರಲ್ಲಿ ಹೆಚ್ಚುವರಿ ಕಾರ್ಡ್ ಸಿಕ್ಕಿಸಲು ನೂಬಸ್ ಎಂಬ ಬಗೆಯ ಆರು ಸ್ಲಾಟ್‌ಗಳಿದ್ದವು. ಒಂದಕ್ಕೆ ವಿಡಿಯೋ ಕಾರ್ಡ್ ಹಾಕಿ 640×480ರ ಬಣ್ಣದ ಮಾನಿಟರ್ ಜೋಡಿಸಬಹುದಿತ್ತು. ಮುಂದೆ 832×624, 1152×870 ಕೂಡ ಬಂದವು.

ಇವತ್ತು ಇಂಥ ಯಂತ್ರವನ್ನು ಅಟ್ಟದಿಂದ ಇಳಿಸಿಯೋ ಹರಾಜಿನಲ್ಲಿ ಕೊಂಡೋ ತಂದವರು ಸಾಮಾನ್ಯವಾಗಿ ಒಂದು ವಿಜಿಎ ಅಡಾಪ್ಟರ್ (ಮ್ಯಾಕ್‌ನ ಕನೆಕ್ಟರನ್ನು ಪಿಸಿ ಮಾನಿಟರಿನ ವಿಜಿಎ ಕೇಬಲ್‌ಗೆ ಹೊಂದಿಸುವ ತುಂಡು) ಸಿಕ್ಕಿಸಿ, ಮನೆಯಲ್ಲಿರುವ ಎಲ್‌ಸಿಡಿ ಮಾನಿಟರ್ ಜೋಡಿಸಿ ಸ್ವಿಚ್ ಒತ್ತುತ್ತಾರೆ. ಶುರುವಿನ ಸದ್ದು ಬರುತ್ತದೆ, ಪರದೆ ಮಾತ್ರ ಕಪ್ಪು. ಕಾರ್ಡ್ ಸತ್ತಿದೆ ಎಂದು ತೀರ್ಮಾನಿಸುವ ಮೊದಲು ತಡೆಯಿರಿ. ಬಹಳ ಸಲ ಕಾರ್ಡ್ ಚೆನ್ನಾಗಿಯೇ ಇರುತ್ತದೆ; ತನಗೆ ಪರದೆಯೇ ಜೋಡಿಸಿಲ್ಲ ಎಂದು ಅದು ತಿಳಿದುಕೊಂಡಿರುತ್ತದೆ, ಅಷ್ಟೇ.

ಯಂತ್ರ ಪರದೆಯನ್ನು ಗುರುತಿಸುವ ಬಗೆ

ಈಗಿನ ಮಾನಿಟರ್‌ಗಳು ತಮ್ಮ ಜಾತಕವನ್ನು ತಾವೇ ಕಂಪ್ಯೂಟರಿಗೆ ಒಪ್ಪಿಸುತ್ತವೆ. ಆ ಕಾಲದ ಆ್ಯಪಲ್ ಪದ್ಧತಿ ಬೇರೆ. ಮ್ಯಾಕ್‌ನ ಹಿಂಬದಿಯಲ್ಲಿರುವ ಎರಡು ಸಾಲಿನ 15 ಪಿನ್‌ಗಳ ಕನೆಕ್ಟರ್‌ನಲ್ಲಿ (ಡಿಎ-15) 4, 7, 10ನೇ ಪಿನ್‌ಗಳು ಚಿತ್ರವನ್ನೇ ಸಾಗಿಸುವುದಿಲ್ಲ. ಅವು ಗುರುತಿನ ಪಿನ್‌ಗಳು. ಯಂತ್ರ ಶುರುವಾಗುವಾಗ ಇವುಗಳಲ್ಲಿ ಯಾವುದು ಗ್ರೌಂಡಿಗೆ ತಾಗಿದೆ, ಯಾವುದು ಖಾಲಿ ಬಿಟ್ಟಿದೆ ಎಂದು ನೋಡುತ್ತದೆ. ಅದರ ಮೇಲೆ ರೆಸಲ್ಯೂಶನ್ ನಿರ್ಧಾರವಾಗುತ್ತದೆ. ಮೂರೂ ಖಾಲಿ ಎಂದರೆ ಮಾನಿಟರ್ ಇಲ್ಲ ಎಂದರ್ಥ. ಸಾದಾ ವಿಜಿಎ ಕೇಬಲ್‌ನಲ್ಲಿ ಈ ಮೂರು ತಂತಿಗಳಿಗೆ ಜಾಗವೇ ಇಲ್ಲದ್ದರಿಂದ, ಈ ಕೆಲಸವನ್ನು ಅಡಾಪ್ಟರ್ ಮಾಡಬೇಕು.

ಯಾವ ಜೋಡಣೆಗೆ ಯಾವ ಪರದೆ ಎಂಬುದು ಹೀಗಿದೆ. ಇಲ್ಲಿ ಗ್ರೌಂಡ್ ಎಂದರೆ 11ನೇ ಪಿನ್.

- 4 ಮಾತ್ರ ಗ್ರೌಂಡಿಗೆ: 13 ಇಂಚಿನ ಬಣ್ಣದ ಮಾನಿಟರ್, 640×480
- 4 ಮತ್ತು 10 ಗ್ರೌಂಡಿಗೆ: 12 ಇಂಚಿನ ಬಣ್ಣದ ಮಾನಿಟರ್, 512×384
- 7 ಮತ್ತು 10 ಗ್ರೌಂಡಿಗೆ: ನಿಲುವಾದ ಪೋರ್ಟ್ರೇಟ್ ಮಾನಿಟರ್, 640×870
- 10 ಮಾತ್ರ ಗ್ರೌಂಡಿಗೆ: ಎರಡು ಪುಟದ ಕಪ್ಪು-ಬಿಳುಪು ಮಾನಿಟರ್, 1152×870
- ಮೂರೂ ಗ್ರೌಂಡಿಗೆ: 21 ಇಂಚಿನ ಬಣ್ಣದ ಮಾನಿಟರ್, 1152×870
- 7 ಮತ್ತು 10 ಒಂದಕ್ಕೊಂದು, ಗ್ರೌಂಡಿಗಲ್ಲ: ವಿಜಿಎ, 640×480, 60 ಹರ್ಟ್ಸ್
- 4 ಮತ್ತು 10 ಒಂದಕ್ಕೊಂದು, ಗ್ರೌಂಡಿಗಲ್ಲ: 16 ಇಂಚಿನ ಮಾನಿಟರ್, 832×624

ಕೊನೆಯ ಎರಡನ್ನು ಗಮನಿಸಿ. ಇವು ಆಮೇಲೆ ಸೇರಿಸಿದ ವಿಸ್ತೃತ ಗುರುತು. ಮೂರೂ ಖಾಲಿ ಎಂದು ಕಂಡಾಗ ಹೊಸ ಯಂತ್ರಗಳು ಅಷ್ಟಕ್ಕೇ ಬಿಡದೆ, ಒಂದೊಂದೇ ಪಿನ್ ಅನ್ನು ತಾವಾಗಿ ಗ್ರೌಂಡಿನ ಮಟ್ಟಕ್ಕೆ ಕೆಳಕ್ಕೆಳೆದು, ಜೊತೆಯಲ್ಲಿ ಬೇರೆ ಯಾವುದಾದರೂ ಇಳಿಯಿತೇ ಎಂದು ನೋಡುತ್ತವೆ. 1991ರ ಮ್ಯಾಕಿಂತೋಷ್ ಕ್ವಾಡ್ರಾ 700, 900 ಇದನ್ನು ಬಲ್ಲವು. 1989ರ ಮ್ಯಾಕಿಂತೋಷ್ ಟು-ಸಿಐ, 1990ರ ಟು-ಎಸ್‌ಐ ಯಂತ್ರಗಳ ಒಳ ವಿಡಿಯೋಗೆ (ಕಾರ್ಡ್ ಇಲ್ಲದೆ ಬೋರ್ಡಿನಲ್ಲೇ ಇರುವ ವಿಡಿಯೋಗೆ) ಇದು ಗೊತ್ತಿಲ್ಲ. ಅಂಗಡಿಯಲ್ಲಿ ಸಿಗುವ ಸ್ವಿಚ್ ಇಲ್ಲದ ಅಗ್ಗದ ಅಡಾಪ್ಟರ್‌ಗಳಲ್ಲಿ ಅನೇಕವು 7 ಮತ್ತು 10ನ್ನು ಜೋಡಿಸಿಟ್ಟಿರುತ್ತವೆ. ಅದನ್ನು ಟು-ಸಿಐಗೆ ಹಾಕಿದರೆ ಅದು ಮೂರೂ ಖಾಲಿ ಎಂದೇ ಓದಿ ವಿಡಿಯೋವನ್ನು ಆರಿಸಿಬಿಡುತ್ತದೆ. ಕಪ್ಪು ಪರದೆಯ ದೂರುಗಳಲ್ಲಿ ದೊಡ್ಡ ಪಾಲು ಇದೇ. ಟು-ಸಿಐ, ಟು-ಎಸ್‌ಐ ಎರಡಕ್ಕೂ 4ನ್ನು ಗ್ರೌಂಡಿಗೆ ಕೊಟ್ಟು 640×480 ಪಡೆಯುವುದೇ ಸರಿ.

ನಿಮ್ಮ ಕಾರ್ಡ್ ಎಷ್ಟು ಎಳೆಯಬಲ್ಲದು

ಇದು ಬರೀ ಗುಣಾಕಾರ. ಅಡ್ಡ ಚುಕ್ಕೆ, ಉದ್ದ ಚುಕ್ಕೆ, ಒಂದು ಚುಕ್ಕೆಗೆ ಬೇಕಾದ ಬಿಟ್ ಮೂರನ್ನೂ ಗುಣಿಸಿ 8ರಿಂದ ಭಾಗಿಸಿ. 640×480ಕ್ಕೆ 4 ಬಿಟ್ ಬಣ್ಣ, ಅಂದರೆ 16 ಬಣ್ಣ ಬೇಕಿದ್ದರೆ 1,53,600 ಬೈಟ್. 256 ಬಣ್ಣಕ್ಕೆ 3,07,200 ಬೈಟ್. ಮ್ಯಾಕ್ ಟು ಜೊತೆಗೆ ಬಂದ ಮೊದಲ ಕಾರ್ಡ್‌ನಲ್ಲಿ 256 ಕಿಲೋಬೈಟ್ ಮೆಮೊರಿ ಇದ್ದರೆ 16 ಬಣ್ಣವೇ ಗತಿ, 512 ಇದ್ದರೆ 256 ಬಣ್ಣ. ರೆಸಲ್ಯೂಶನ್ ಮಾತ್ರ ಎರಡರಲ್ಲೂ 640×480. ಗುರುತಿನ ಪಿನ್ ಏನೇ ಮಾಡಿದರೂ ಅದು ಏರುವುದಿಲ್ಲ.

ದೊಡ್ಡ ಪರದೆ ಬೇಕಿದ್ದವರು ಹುಡುಕಬೇಕಾದದ್ದು ಆ್ಯಪಲ್‌ನ 4•8 ಮತ್ತು 8•24 ಎಂಬ ನೂಬಸ್ ಕಾರ್ಡ್‌ಗಳನ್ನು. ಹೆಸರಿನಲ್ಲೇ ಲೆಕ್ಕ ಇದೆ. 4•8 ಕಾರ್ಡ್ 1152×870ರಲ್ಲಿ 4 ಬಿಟ್, 640×480ರಲ್ಲಿ 8 ಬಿಟ್ ಕೊಡುತ್ತದೆ. 8•24 ದೊಡ್ಡ ಪರದೆಯಲ್ಲಿ 8, ಸಣ್ಣದರಲ್ಲಿ 24 ಬಿಟ್. 1152ನ್ನು 870ರಿಂದ ಗುಣಿಸಿದರೆ 10,02,240. ಒಂದು ಮೆಗಾಬೈಟ್‌ಗೆ, ಅಂದರೆ 10,48,576 ಬೈಟ್‌ಗೆ, ಅದು ಒಳಗೇ ಕೂರುತ್ತದೆ. 1152×870 ಎಂಬ ವಿಚಿತ್ರ ಅಳತೆ ಇಷ್ಟು ಅಚ್ಚುಕಟ್ಟಾಗಿ ಹೊಂದುವುದು ಇದರಿಂದಲೇ. ಕ್ವಾಡ್ರಾ 700ಕ್ಕೆ ಕಾರ್ಡ್ ಬೇಡ. ಒಳ ವಿಡಿಯೋ ಮೆಮೊರಿಯನ್ನು 2 ಮೆಗಾಬೈಟ್‌ಗೆ ಏರಿಸಿದರೆ 832×624ರಲ್ಲಿ 24 ಬಿಟ್ ಬಣ್ಣವೂ ಸಿಗುತ್ತದೆ.

ದೊಡ್ಡದು ಸಿಕ್ಕಿತೆಂದು ದೊಡ್ಡದನ್ನೇ ಹಾಕಬೇಕೆಂದಿಲ್ಲ. ಆ ಕಾಲದ ಮ್ಯಾಕ್ ತಂತ್ರಾಂಶವೆಲ್ಲ ಒಂದು ಇಂಚಿಗೆ 72 ಚುಕ್ಕೆ ಎಂಬ ನಂಬಿಕೆಯ ಮೇಲೆ ನಿಂತಿದೆ. 12 ಪಾಯಿಂಟ್ ಅಕ್ಷರ ಎಂದರೆ 12 ಪಿಕ್ಸೆಲ್ ಎತ್ತರ, ಕಾಗದದಲ್ಲೂ ಪರದೆಯಲ್ಲೂ ಒಂದೇ ಗಾತ್ರ. 17 ಇಂಚಿನ 1280×1024 ಎಲ್‌ಸಿಡಿಯಲ್ಲಿ ಇಂಚಿಗೆ ಸುಮಾರು 96 ಚುಕ್ಕೆ. ಅಲ್ಲಿ ಚಿತ್ರವನ್ನು ಹಿಗ್ಗಿಸದೆ ತೋರಿಸಿದರೆ ಅಕ್ಷರ ಮುಕ್ಕಾಲು ಗಾತ್ರಕ್ಕೆ ಇಳಿಯುತ್ತದೆ. 15 ಇಂಚಿನ 1024×768 ಎಲ್‌ಸಿಡಿಯ ಅಗಲ 12 ಇಂಚು. ಅದರ ತುಂಬ 832×624 ಹರಡಿದರೆ ಇಂಚಿಗೆ 69 ಚುಕ್ಕೆ ಬೀಳುತ್ತದೆ. ಪುಟ ವಿನ್ಯಾಸದ ಹಳೆಯ ತಂತ್ರಾಂಶಗಳನ್ನು ಅವು ಇದ್ದ ಹಾಗೆಯೇ ನೋಡಬೇಕೆಂಬ ಆಸೆ ಇದ್ದರೆ ಯಾರಿಗೂ ಬೇಡವಾದ ಆ 15 ಇಂಚಿನ ಮಾನಿಟರ್ ಚೆನ್ನಾಗಿ ಒದಗುತ್ತದೆ. ಕನ್ನಡ ಫಾಂಟ್ ಹಾಕಿ ನೋಡುವವರಿಗೆ ಇನ್ನೊಂದು ಮಾತು: 12 ಪಿಕ್ಸೆಲ್ ಎತ್ತರದೊಳಗೆ ತಲೆಕಟ್ಟು, ಅಕ್ಷರ, ಒತ್ತು ಮೂರೂ ಕೂರಬೇಕು. ಕಪ್ಪು-ಬಿಳುಪು ಪರದೆಯಲ್ಲಿ ಅದು ಮುದ್ದೆಯಾಗುತ್ತದೆ. 18 ಪಾಯಿಂಟ್‌ನಿಂದ ಶುರುಮಾಡಿ.

ಯಾವ ಎಲ್‌ಸಿಡಿ ಒಪ್ಪುತ್ತದೆ

ಮ್ಯಾಕ್‌ನ ಸಮಯಗಳು ಪಿಸಿಯ ಸಮಯಗಳಲ್ಲ. 640×480 ಎಂದರೂ ಸೆಕೆಂಡಿಗೆ 60 ಸಲವಲ್ಲ, 66.7 ಸಲ, ಅಡ್ಡ ಸಾಲುಗಳ ವೇಗ 31.5 ಕಿಲೋಹರ್ಟ್ಸ್ ಅಲ್ಲ, 35. 832×624ಕ್ಕೆ 74.6 ಹರ್ಟ್ಸ್, 49.7 ಕಿಲೋಹರ್ಟ್ಸ್. 1152×870ಕ್ಕೆ 75 ಹರ್ಟ್ಸ್, 68.7 ಕಿಲೋಹರ್ಟ್ಸ್. 512×384 ಮಾತ್ರ 24.5 ಕಿಲೋಹರ್ಟ್ಸ್‌ನಲ್ಲಿ ಓಡುತ್ತದೆ. ಹೆಚ್ಚಿನ ಎಲ್‌ಸಿಡಿಗಳು 30ಕ್ಕಿಂತ ಕೆಳಗಿಳಿಯುವುದಿಲ್ಲವಾದ್ದರಿಂದ ಅದನ್ನು ಮರೆತುಬಿಡಿ.

ಕೊಳ್ಳುವ ಮೊದಲು ಮಾನಿಟರ್‌ನ ಕೈಪಿಡಿಯ ಕೊನೆಯ ಪುಟಗಳಲ್ಲಿರುವ ಸಿಗ್ನಲ್ ಪಟ್ಟಿ ನೋಡಿ. ಅಲ್ಲಿ 640×480ರ ಎದುರು 67 ಹರ್ಟ್ಸ್ ಎಂದಿದ್ದರೆ, ಅಥವಾ 832×624 ಎಂಬ ಸಾಲೇ ಇದ್ದರೆ ಅದು ಮ್ಯಾಕ್ ಬಲ್ಲ ಮಾನಿಟರ್. ಕೈಪಿಡಿ ಇಲ್ಲವಾದರೆ ಮಾನಿಟರನ್ನು ಲಿನಕ್ಸ್ ಯಂತ್ರಕ್ಕೆ ಜೋಡಿಸಿ ಅದರ ಇಡಿಐಡಿ ಓದಿಸಿ. ಇಡಿಐಡಿ ಎಂದರೆ ಮಾನಿಟರ್ ತನ್ನ ಬಗ್ಗೆ ತಾನೇ ಕೊಡುವ ಮಾಹಿತಿ. ಅದರ ಮೂಲ ಪಟ್ಟಿಯಲ್ಲಿ 640×480@67, 832×624@75, 1152×870@75 ಮೂರಕ್ಕೂ ಮ್ಯಾಕ್ ಹೆಸರಿನಲ್ಲೇ ಮೀಸಲಾದ ಒಂದೊಂದು ಬಿಟ್ ಇವತ್ತಿಗೂ ಇದೆ. ಆ ಬಿಟ್ ಹೊತ್ತಿಸಿದ ಮಾನಿಟರ್ ಸಾಮಾನ್ಯವಾಗಿ ಮಾತಿಗೆ ತಪ್ಪುವುದಿಲ್ಲ.

ಆಕಾರವನ್ನೂ ನೋಡಿ. ಮ್ಯಾಕ್ ಚಿತ್ರ 4:3. 17 ಮತ್ತು 19 ಇಂಚಿನ ಹಳೆಯ ಎಲ್‌ಸಿಡಿಗಳು 1280×1024, ಅಂದರೆ 5:4. ತುಂಬಿಸಿ ತೋರಿಸಿದರೆ ವೃತ್ತವೆಲ್ಲ ಮೊಟ್ಟೆಯಾಗುತ್ತದೆ. ಅವುಗಳ ಮೆನುವಿನಲ್ಲಿ ಅನುಪಾತ ಕಾಪಾಡುವ ಆಯ್ಕೆ ಇದೆಯೇ ಎಂದು ಮೊದಲೇ ಪರೀಕ್ಷಿಸಿ. ಹಿಗ್ಗಿಸದೆ ತೋರಿಸುವ 1:1 ಆಯ್ಕೆ ಇದ್ದರೆ 1152×870 ಸುತ್ತಲೂ ಸಣ್ಣ ಕಪ್ಪು ಅಂಚಿನೊಂದಿಗೆ ಅದರಲ್ಲಿ ಸೊಗಸಾಗಿ ಕೂರುತ್ತದೆ, ಒಂದು ಚುಕ್ಕೆಯೂ ಮಸುಕಾಗದೆ. 20 ಇಂಚಿನ 1600×1200 ಸಿಕ್ಕರೆ ಇನ್ನೂ ಒಳ್ಳೆಯದು. ಅಗಲದ 16:9 ಮಾನಿಟರ್ ಕೊನೆಯ ಆಯ್ಕೆ.

ಅಡಾಪ್ಟರ್ ಮಾಡುವುದು

ಬೇಕಾದದ್ದು: ಡಿಎ-15 ಗಂಡು ಕನೆಕ್ಟರ್ ಒಂದು, ಅದರ ಹುಡ್ (ಹೊರ ಕವಚ), ಕೆಲಸ ಮುಗಿಸಿದ ಹಳೆಯ ವಿಜಿಎ ಕೇಬಲ್ ಒಂದು, ಐದು ಕೀಲಿಯ ಡಿಪ್ ಸ್ವಿಚ್ (ಒಂದೇ ತುಂಡಿನಲ್ಲಿ ಸಾಲಾಗಿರುವ ಪುಟ್ಟ ಸ್ವಿಚ್‌ಗಳು), ಎರಡು ದಿಕ್ಕಿನ ಸಣ್ಣ ಸ್ಲೈಡ್ ಸ್ವಿಚ್, ಸೋಲ್ಡರಿಂಗ್ ಐರನ್, ಮಲ್ಟಿಮೀಟರ್. ಡಿಎ-15 ಎಂದರೆ ಹಳೆಯ ಪಿಸಿಯ ಜಾಯ್‌ಸ್ಟಿಕ್ ಪ್ಲಗ್ ಇದ್ದ ಅದೇ ಎರಡು ಸಾಲಿನ ಕನೆಕ್ಟರ್. ಬೆಂಗಳೂರಿನ ಎಸ್.ಪಿ. ರೋಡಿನ ಬಿಡಿಭಾಗದ ಅಂಗಡಿಗಳಲ್ಲಿ ಕೇಳುವಾಗ ಎರಡು ಸಾಲಿನದು ಎಂದು ಒತ್ತಿ ಹೇಳಿ. ಬರೀ 15 ಪಿನ್ ಎಂದರೆ ಮೂರು ಸಾಲಿನ ವಿಜಿಎ ಕನೆಕ್ಟರನ್ನೇ ಕೈಗಿಡುವ ಸಂಭವ ಹೆಚ್ಚು.

ವಿಜಿಎ ಕೇಬಲ್‌ನ ಒಂದು ತುದಿ ಕತ್ತರಿಸಿ. ಒಳಗೆ ಕೆಂಪು, ಹಸಿರು, ನೀಲಿ ಹೊದಿಕೆಯ ಮೂರು ತೆಳು ಕೋಆ್ಯಕ್ಸ್ ತಂತಿಗಳಿರಬೇಕು. ಪ್ರತಿಯೊಂದಕ್ಕೂ ತನ್ನದೇ ಜಾಲರಿ. ಅವಿಲ್ಲದೆ ಬರೀ ಸಾದಾ ತಂತಿಗಳಿದ್ದರೆ ಆ ಕೇಬಲ್ ಬಿಸಾಡಿ. 640×480ರಲ್ಲಿ ಚುಕ್ಕೆಗಳು ಓಡುವ 30 ಮೆಗಾಹರ್ಟ್ಸ್‌ನಲ್ಲೇ ಅಕ್ಷರಗಳ ಬಲಕ್ಕೆ ನೆರಳು ಬೀಳುತ್ತದೆ, 1152×870ರ 100 ಮೆಗಾಹರ್ಟ್ಸ್‌ನಲ್ಲಂತೂ ನೋಡಲಾಗದು. ಉಳಿದ ತಂತಿಗಳ ಬಣ್ಣವನ್ನು ನಂಬಬೇಡಿ, ಒಂದೊಂದು ಕಂಪನಿಯದು ಒಂದೊಂದು ಬಗೆ. ಇನ್ನೊಂದು ತುದಿಯ ಪಿನ್‌ಗೆ ಮಲ್ಟಿಮೀಟರ್ ಇಟ್ಟು ಒಂದೊಂದನ್ನೇ ಗುರುತಿಸಿ.

ಜೋಡಣೆ ಹೀಗೆ. ಮೊದಲನೆಯದು ಮ್ಯಾಕ್ ಪಿನ್, ಎರಡನೆಯದು ವಿಜಿಎ ಪಿನ್. ಸಿಂಕ್ ಎಂದರೆ ಹೊಸ ಸಾಲು ಅಥವಾ ಹೊಸ ಚಿತ್ರ ಯಾವಾಗ ಶುರು ಎಂದು ಮಾನಿಟರಿಗೆ ಹೇಳುವ ಸಂಕೇತ.

- ಕೆಂಪು: 2ರಿಂದ 1ಕ್ಕೆ; ಅದರ ಜಾಲರಿ 1ರಿಂದ 6ಕ್ಕೆ
- ಹಸಿರು: 5ರಿಂದ 2ಕ್ಕೆ, ಜಾಲರಿ 6ರಿಂದ 7ಕ್ಕೆ
- ನೀಲಿ: 9ರಿಂದ 3ಕ್ಕೆ, ಜಾಲರಿ 13ರಿಂದ 8ಕ್ಕೆ
- ಲಂಬ ಸಿಂಕ್: 12ರಿಂದ 14ಕ್ಕೆ
- ಸಿಂಕ್ ಗ್ರೌಂಡ್: 11 ಮತ್ತು 14 ಎರಡನ್ನೂ ಸೇರಿಸಿ 10ಕ್ಕೆ
- ಅಡ್ಡ ಸಿಂಕ್: ವಿಜಿಎ 13ನ್ನು ಸ್ಲೈಡ್ ಸ್ವಿಚ್‌ನ ನಡುಕಾಲಿಗೆ, ಸ್ವಿಚ್‌ನ ಒಂದು ಬದಿಗೆ ಮ್ಯಾಕ್ 15, ಇನ್ನೊಂದು ಬದಿಗೆ ಮ್ಯಾಕ್ 3

ಡಿಪ್ ಸ್ವಿಚ್‌ನ ಐದು ಕೀಲಿಗಳನ್ನು ಈ ಕ್ರಮದಲ್ಲಿ ಕೊಡಿ: ಮೊದಲನೆಯದು 4 ಮತ್ತು 11ರ ನಡುವೆ, ಎರಡನೆಯದು 7 ಮತ್ತು 11, ಮೂರನೆಯದು 10 ಮತ್ತು 11, ನಾಲ್ಕನೆಯದು 7 ಮತ್ತು 10, ಐದನೆಯದು 4 ಮತ್ತು 10. ಮೇಲಿನ ಏಳೂ ಜೋಡಣೆಗಳು ಇದರಲ್ಲೇ ಬರುತ್ತವೆ. 640×480ಕ್ಕೆ ಒಂದನೇ ಕೀಲಿ ಮಾತ್ರ, 832×624ಕ್ಕೆ ಐದನೆಯದು ಮಾತ್ರ, 1152×870 ಬಣ್ಣಕ್ಕೆ ಒಂದು, ಎರಡು, ಮೂರು. ಹುಡ್ ಮೇಲೆ ಚೀಟಿ ಅಂಟಿಸಿ ಇದನ್ನು ಬರೆದಿಡಿ.

ಕೋಆ್ಯಕ್ಸ್ ಬಿಚ್ಚುವಾಗ ಜಾಲರಿಯನ್ನು ಒಂದು ಸೆಂಟಿಮೀಟರಿಗಿಂತ ಹೆಚ್ಚು ಸುಲಿಯಬೇಡಿ. ಜಾಲರಿಯ ಒಂದು ಎಳೆ ಹಾರಿ ಪಕ್ಕದ ಪಿನ್‌ಗೆ ತಾಗಿದರೂ ಒಂದು ಬಣ್ಣ ಹೋಗುತ್ತದೆ. ಐರನ್ ಹೆಚ್ಚು ಹೊತ್ತು ಹಿಡಿದರೆ ಒಳಗಿನ ತೆಳು ಪ್ಲಾಸ್ಟಿಕ್ ಕರಗಿ ನಡು ತಂತಿ ಜಾಲರಿಗೆ ತಾಗುತ್ತದೆ. ಹೊರಗಿನಿಂದ ಏನೂ ಕಾಣಿಸುವುದಿಲ್ಲ. ಹಾಗಾಗಿ ಪಿನ್‌ಗೂ ತಂತಿಗೂ ಬೇರೆಬೇರೆಯಾಗಿ ಮೊದಲೇ ತವರ ಹಚ್ಚಿಟ್ಟುಕೊಂಡು, ಎರಡನ್ನೂ ಕೂಡಿಸಿ ಒಂದೇ ಸಲ ತಾಗಿಸಿ ತೆಗೆಯಿರಿ.

ಮುಗಿದ ಮೇಲೆ ಮ್ಯಾಕ್‌ಗೆ ಸಿಕ್ಕಿಸುವ ಮೊದಲು ಅಳೆಯಿರಿ. ಮಾನಿಟರ್ ಜೋಡಿಸದೆ 2, 5, 9ನೇ ಪಿನ್‌ಗಳಲ್ಲಿ ಯಾವುದೂ ಗ್ರೌಂಡಿಗೆ ತಾಗಿರಬಾರದು. ಮಾನಿಟರ್ ಜೋಡಿಸಿದ ಮೇಲೆ 2 ಮತ್ತು 1ರ ನಡುವೆ, 5 ಮತ್ತು 6ರ ನಡುವೆ, 9 ಮತ್ತು 13ರ ನಡುವೆ ಸುಮಾರು 75 ಓಮ್ ತೋರಬೇಕು. ಅದು ಮಾನಿಟರ್ ಒಳಗಿನ ಟರ್ಮಿನೇಶನ್, ಅಂದರೆ ಸಿಗ್ನಲ್‌ನ ತುದಿಯಲ್ಲಿ ಕೂರಿಸಿದ ರೆಸಿಸ್ಟರ್. ಒಂದು ಬಣ್ಣಕ್ಕೆ ಮಾತ್ರ ಏನೂ ತೋರದಿದ್ದರೆ ಅಲ್ಲಿ ಬೆಸುಗೆ ಕೂತಿಲ್ಲ.

ಇನ್ನೊಂದು ಎಚ್ಚರಿಕೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹಳೆಯ ಈಥರ್‌ನೆಟ್ ಕಾರ್ಡ್‌ಗಳ ಎಯುಐ ಕನೆಕ್ಟರ್ ಕೂಡ ಇದೇ ಡಿಎ-15. ಮ್ಯಾಕ್‌ನ ಹಿಂಬದಿಯಲ್ಲಿ ವಿಡಿಯೋ ಕಾರ್ಡ್, ಈಥರ್‌ನೆಟ್ ಕಾರ್ಡ್ ಅಕ್ಕಪಕ್ಕ ಇದ್ದರೆ ಕತ್ತಲಲ್ಲಿ ತಡಕಾಡಿ ಸಿಕ್ಕಿಸುವುದು ಅಪಾಯ. ಎಯುಐನಲ್ಲಿ 13ನೇ ಪಿನ್ 12 ವೋಲ್ಟ್. ನಮ್ಮ ಅಡಾಪ್ಟರ್‌ನಲ್ಲಿ 13 ನೀಲಿಯ ಗ್ರೌಂಡ್. ತಾಗಿದರೆ ಸಪ್ಲೈ ನೇರ ಶಾರ್ಟ್. ಗುರುತು ಸುಲಭ: ಎಯುಐಗೆ ಜಾರುವ ತಗಡಿನ ಕೊಂಡಿ ಇರುತ್ತದೆ, ವಿಡಿಯೋಗೆ ಎರಡು ಸ್ಕ್ರೂ.

ಮೊದಲ ಸಲ ಚಾಲೂ ಮಾಡುವಾಗ

ಯಂತ್ರ ಆರಿರುವಾಗಲೇ ಕೀಲಿಗಳನ್ನು ಹೊಂದಿಸಿ, ಅಡಾಪ್ಟರ್ ಸಿಕ್ಕಿಸಿ, ಮಾನಿಟರ್ ಚಾಲೂ ಮಾಡಿ, ಆಮೇಲೆ ಮ್ಯಾಕ್. ಗುರುತಿನ ಪಿನ್‌ಗಳನ್ನು ಯಂತ್ರ ಓದುವುದು ಶುರುವಿನಲ್ಲಿ. ನಡುವೆ ಕೀಲಿ ಬದಲಿಸಿದರೆ ರೀಸ್ಟಾರ್ಟ್ ಮಾಡದೆ ಪರಿಣಾಮ ಕಾಣುವುದಿಲ್ಲ.

ಸದ್ದೂ ಇಲ್ಲ, ಫ್ಯಾನೂ ತಿರುಗದು ಎಂದರೆ ಅದು ಪರದೆಯ ದೋಷವಲ್ಲ. ಮೊದಲ ಮ್ಯಾಕ್ ಟು ಮತ್ತು ಟು-ಎಕ್ಸ್ ಯಂತ್ರಗಳು ಒಳಗಿನ 3.6 ವೋಲ್ಟ್ ಲಿಥಿಯಂ ಬ್ಯಾಟರಿಗಳು ಸತ್ತರೆ ಚಾಲೂ ಆಗುವುದೇ ಇಲ್ಲ. ಆ ಬ್ಯಾಟರಿಗಳನ್ನು ಬೋರ್ಡಿಗೆ ಬೆಸೆದಿರುತ್ತಾರೆ ಬೇರೆ. ಸೋರಿ ಬೋರ್ಡನ್ನೇ ತಿಂದಿರುವ ಸಾಧ್ಯತೆ ಇರುವುದರಿಂದ, ಇಂಥ ಯಂತ್ರ ಕೈಗೆ ಬಂದ ದಿನವೇ ಮುಚ್ಚಳ ತೆಗೆದು ನೋಡಿ. ಟು-ಸಿಐಯಲ್ಲಿ ಇದೇ ಲಕ್ಷಣ ಕಂಡರೆ ಬೋರ್ಡಿನ ಸಣ್ಣ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳ ಮೇಲೆ ಅನುಮಾನ ಪಡಿ.

ಮಾನಿಟರ್ ಎಚ್ಚರಗೊಂಡು ಸಿಗ್ನಲ್ ಇಲ್ಲ ಎಂದರೆ ಗುರುತಿನ ಕೀಲಿ ತಪ್ಪಿದೆ ಅಥವಾ ಸಿಂಕ್ ತಲುಪಿಲ್ಲ. ಆರಿಸಿ, ಸ್ಲೈಡ್ ಸ್ವಿಚ್ಚನ್ನು 15ರಿಂದ 3ಕ್ಕೆ ಸರಿಸಿ, ಮತ್ತೆ ನೋಡಿ. ಹಳೆಯ ಕಾರ್ಡ್‌ಗಳಲ್ಲಿ ಅನೇಕವು ಅಡ್ಡ ಮತ್ತು ಲಂಬ ಸಿಂಕ್‌ಗಳನ್ನು ಬೇರೆಬೇರೆಯಾಗಿ ಕೊಡದೆ, ಎರಡನ್ನೂ ಕೂಡಿಸಿ 3ನೇ ಪಿನ್‌ನಲ್ಲಿ ಕೊಡುತ್ತವೆ. ಒಳ್ಳೆಯ ಎಲ್‌ಸಿಡಿಗಳು ಇದನ್ನು ವಿಜಿಎ 13ರಲ್ಲಿ ಸ್ವೀಕರಿಸುತ್ತವೆ. 3 ಮತ್ತು 15ನ್ನು ಒಟ್ಟಿಗೆ ಬೆಸೆಯುವ ಅಡ್ಡದಾರಿ ಬೇಡ. ಎರಡು ಔಟ್‌ಪುಟ್‌ಗಳು ಒಂದಕ್ಕೊಂದು ಗುದ್ದಾಡುತ್ತವೆ.

ಚಿತ್ರ ಬಂದು, ಎಲ್ಲದಕ್ಕೂ ಹಸಿರು ಬಳಿದಂತೆ ಕಂಡರೆ ಕಾರಣ ಬೇರೆ. ಆ ಕಾರ್ಡ್ ಹಸಿರು ಸಿಗ್ನಲ್‌ನ ಮೇಲೂ ಸಿಂಕ್ ಕೂರಿಸಿದೆ. ಅದರಿಂದ ಹಸಿರಿನ ಕಪ್ಪು ಮಟ್ಟ ಸುಮಾರು 0.3 ವೋಲ್ಟ್ ಮೇಲೇರಿರುತ್ತದೆ. ಅದನ್ನು ಅರಿಯದ ಮಾನಿಟರ್ ಕಪ್ಪನ್ನೇ ಕಡು ಹಸಿರು ಎಂದು ತೋರಿಸುತ್ತದೆ. ಮಾನಿಟರ್‌ನ ಮೆನುವಿನಲ್ಲಿ ಹಸಿರಿನ ಕಪ್ಪು ಮಟ್ಟ ಇಳಿಸಲಾದರೆ ಸರಿ. ಇಲ್ಲವಾದರೆ ಹಸಿರಿನ ಮೇಲಿನ ಸಿಂಕ್ ಒಪ್ಪುತ್ತದೆಂದು ಕೈಪಿಡಿಯಲ್ಲೇ ಬರೆದಿರುವ ಮಾನಿಟರ್ ಹುಡುಕಿ. ಬರೀ ಹಸಿರಿನ ಹೊಳಪು ತಗ್ಗಿಸಿದರೆ ಬಿಳಿ ನೇರಳೆಯಾಗುತ್ತದೆ, ಕಪ್ಪು ಹಸಿರಾಗಿಯೇ ಉಳಿಯುತ್ತದೆ.

ಮಸುಕು ತೆಗೆಯುವುದು

ಹೆಚ್ಚಿನವರು ಚಿತ್ರ ಬಂದ ಖುಷಿಯಲ್ಲಿ ಇಲ್ಲಿಗೇ ನಿಲ್ಲಿಸುತ್ತಾರೆ. ನಿಜವಾದ ಫಲ ಸಿಗುವುದು ಮುಂದಿನ ಹತ್ತು ನಿಮಿಷದ ಕೆಲಸದಲ್ಲಿ.

ವಿಜಿಎ ಸಿಗ್ನಲ್‌ನಲ್ಲಿ ಪಿಕ್ಸೆಲ್‌ಗಳ ಗಡಿ ಇರುವುದಿಲ್ಲ. ಒಂದು ಸಾಲನ್ನು ಎಷ್ಟು ತುಂಡು ಮಾಡಬೇಕೆಂದು ಎಲ್‌ಸಿಡಿ ತಾನೇ ಊಹಿಸುತ್ತದೆ. ಕಾಣುವ ಪಿಕ್ಸೆಲ್ ಜೊತೆಗೆ ಕಾಣದ ಅಂಚಿನ ಪಿಕ್ಸೆಲ್‌ಗಳೂ ಸೇರಿ ಮ್ಯಾಕ್‌ನ 640×480ರಲ್ಲಿ ಒಂದು ಸಾಲಿಗೆ ಒಟ್ಟು 864 ಪಿಕ್ಸೆಲ್. 832×624ಕ್ಕೆ 1152, 1152×870ಕ್ಕೆ 1456. ಮ್ಯಾಕ್ ಗೊತ್ತಿಲ್ಲದ ಎಲ್‌ಸಿಡಿ 640×480 ಕಂಡೊಡನೆ ಅದನ್ನು ಪಿಸಿಯ 72 ಹರ್ಟ್ಸ್ ಎಂದೆಣಿಸಿ 832 ತುಂಡು ಮಾಡುತ್ತದೆ. 32 ಕಡಿಮೆಯಾಯಿತು. ಇದರಿಂದ ಪರದೆಯ ಮೇಲೆ ಸುಮಾರು 24 ಕಡೆ ಮಸುಕಿನ ನಿಲುವು ಪಟ್ಟೆಗಳು ಮೂಡುತ್ತವೆ, ನಡುನಡುವೆ ಅಕ್ಷರ ಸ್ಪಷ್ಟವಾಗಿಯೂ ಇರುತ್ತದೆ.

ಇದನ್ನು ಕಾಣಲು ಬೇರೆ ಪರೀಕ್ಷಾ ಚಿತ್ರ ಬೇಡ. ಮಾನಿಟರ್ಸ್ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಕಪ್ಪು-ಬಿಳುಪು ಆರಿಸಿ, ವಿಂಡೋಗಳನ್ನೆಲ್ಲ ಮುಚ್ಚಿ. ಮ್ಯಾಕ್‌ನ ಆ ಪ್ರಸಿದ್ಧ ಬೂದು ಡೆಸ್ಕ್‌ಟಾಪ್ ನಿಜವಾಗಿ ಬೂದಲ್ಲ. ಒಂದು ಚುಕ್ಕೆ ಕಪ್ಪು, ಒಂದು ಬಿಳಿ, ಚದುರಂಗದ ಮಣೆಯಂತೆ. ಇಷ್ಟು ಕಠಿಣ ಪರೀಕ್ಷೆ ಬೇರೆ ಇಲ್ಲ. ಈಗ ಮಾನಿಟರ್‌ನ ಸ್ವಯಂ ಹೊಂದಿಕೆ ಬಟನ್ ಒಂದು ಸಲ ಒತ್ತಿ. ಪಟ್ಟೆಗಳು ಉಳಿದರೆ ಮೆನುವಿನಲ್ಲಿ ಕ್ಲಾಕ್ ಎಂಬ ಆಯ್ಕೆಗೆ ಹೋಗಿ ಒಂದೊಂದೇ ಅಂಕಿ ಏರಿಸಿ. ಸರಿಯಾದ ಕಡೆಗೆ ಹೋಗುತ್ತಿದ್ದರೆ ಪಟ್ಟೆಗಳ ಸಂಖ್ಯೆ ಕಡಿಮೆಯಾಗಿ ಅಗಲವಾಗುತ್ತ ಬರುತ್ತವೆ, ಕೊನೆಗೆ ಒಂದೇ ಪಟ್ಟೆ ಪರದೆ ತುಂಬಿ, ಮುಂದಿನ ಅಂಕಿಗೆ ಮಾಯವಾಗುತ್ತದೆ. ಹೆಚ್ಚಾದರೆ ದಿಕ್ಕು ತಪ್ಪಿದೆ. ಕ್ಲಾಕ್ ಸರಿಯಾದ ಮೇಲೆ ಇಡೀ ಪರದೆ ಒಂದೇ ತೆರನಾಗಿ ಮಸುಕಾಗಿಯೋ ನಡುಗುತ್ತಲೋ ಇದ್ದರೆ ಅದೇ ಮೆನುವಿನ ಫೇಸ್ (phase) ಎಂಬ ಆಯ್ಕೆ ಸರಿಸಿ. ಫೇಸ್ ಅನ್ನು ಮೊದಲು ಮುಟ್ಟಬೇಡಿ. ಕ್ಲಾಕ್ ತಪ್ಪಿದ್ದಾಗ ಫೇಸ್ ಸರಿಸಿದರೆ ಪಟ್ಟೆಗಳು ಜಾಗ ಬದಲಿಸುತ್ತವೆಯೇ ಹೊರತು ಹೋಗುವುದಿಲ್ಲ.

ಕೆಲವು ಮಾನಿಟರ್‌ಗಳ ಕ್ಲಾಕ್ ಅಷ್ಟು ದೂರ ಓಡುವುದಿಲ್ಲ. ಆಗ ಎಚ್‌ಡಿಎಂಐಗೆ ಬದಲಿಸುವ ಒಎಸ್‌ಎಸ್‌ಸಿಯಂಥ ಪೆಟ್ಟಿಗೆ ನೆರವಾಗುತ್ತದೆ. ಅದರಲ್ಲಿ ಒಂದು ಸಾಲಿನ ಒಟ್ಟು ಪಿಕ್ಸೆಲ್ ಎಷ್ಟೆಂದು ನೇರವಾಗಿ 864 ಎಂದು ಬರೆಯಬಹುದು. ಮೂರು-ನಾಲ್ಕು ನೂರು ರೂಪಾಯಿಯ ವಿಜಿಎ-ಎಚ್‌ಡಿಎಂಐ ತುಂಡುಗಳಿಗೆ ದುಡ್ಡು ಹಾಕಬೇಡಿ. ಅವಕ್ಕೆ ಪಿಸಿಯ ಸಮಯ ಬಿಟ್ಟು ಬೇರೆ ಗೊತ್ತಿರುವುದು ಅಪರೂಪ. ಚಿತ್ರ ಬಂದರೂ ಅಂಚು ಕತ್ತರಿಸಿರುತ್ತದೆ, ಹೊಂದಿಸಲು ಒಂದು ಬಟನ್ ಕೂಡ ಇರುವುದಿಲ್ಲ.

ಎರಡು ಪರದೆ, ಬಣ್ಣ, ವೇಗ

ನೂಬಸ್ ಯಂತ್ರಗಳಲ್ಲಿ ಎರಡು ಕಾರ್ಡ್ ಹಾಕಿದರೆ ಎರಡೂ ಪರದೆ ಒಂದೇ ಮೇಜಿನಂತೆ ಕೆಲಸ ಮಾಡುತ್ತವೆ. ಮಾನಿಟರ್ಸ್ ಪ್ಯಾನೆಲ್‌ನಲ್ಲಿ ಎರಡೂ ಚೌಕಗಳು ಕಾಣುತ್ತವೆ. ನಿಮ್ಮ ಮೇಜಿನ ಮೇಲಿರುವಂತೆಯೇ ಎಳೆದು ಜೋಡಿಸಿ. ಮೆನು ಸಾಲಿನ ಪುಟ್ಟ ಚಿತ್ರವನ್ನು ಬೇಕಾದ ಪರದೆಗೆ ಎಳೆದು, ಯಂತ್ರವನ್ನು ರೀಸ್ಟಾರ್ಟ್ ಮಾಡಿ. ಹೊಸ ಪರದೆ ತೆಗೆದ ಮೇಲೂ ಮೆನು ಸಾಲು ಎಲ್ಲೋ ಕಾಣದ ಕಡೆ ಹೋಗಿ ಕೂತಿದ್ದರೆ ಪಿರ್ಯಾಮ್ (ಯಂತ್ರ ತನ್ನ ಹೊಂದಿಕೆಗಳನ್ನು ನೆನಪಿಟ್ಟುಕೊಳ್ಳುವ ಸಣ್ಣ ಮೆಮೊರಿ) ಅಳಿಸಿ. ಮ್ಯಾಕ್‌ನ ಆಪರೇಟಿಂಗ್ ಸಿಸ್ಟಮ್ ಆದ ಸಿಸ್ಟಮ್ 7ರಲ್ಲಿ ಶುರುವಿನ ಹೊತ್ತಿಗೆ ಕಮಾಂಡ್, ಆಪ್ಶನ್, ಪಿ, ಆರ್ ನಾಲ್ಕನ್ನೂ ಒತ್ತಿ ಹಿಡಿಯಬೇಕು. ಸಿಸ್ಟಮ್ 6ರಲ್ಲಿ ಕಮಾಂಡ್, ಆಪ್ಶನ್, ಶಿಫ್ಟ್ ಒತ್ತಿಕೊಂಡು ಕಂಟ್ರೋಲ್ ಪ್ಯಾನೆಲ್ ತೆರೆಯಬೇಕು.

ದೊಡ್ಡ ಪರದೆಯಲ್ಲಿ 24 ಬಿಟ್ ಬಣ್ಣ ಕೊಡುವ ಬೇರೆ ಕಂಪನಿಗಳ ಕಾರ್ಡ್ ಸಿಕ್ಕವರಿಗೆ ಒಂದು ತೊಡಕು ಎದುರಾಗಬಹುದು. ಯಂತ್ರ ಮೆಮೊರಿಯ ಜಾಗಗಳನ್ನು ಗುರುತಿಸುವ 24 ಬಿಟ್ ವಿಳಾಸ ಪದ್ಧತಿಯಲ್ಲಿ ಪ್ರತಿ ನೂಬಸ್ ಸ್ಲಾಟ್‌ಗೆ ಸಿಗುವುದು ಒಂದು ಮೆಗಾಬೈಟ್ ಜಾಗ ಮಾತ್ರ. 1152×870ರ ಪೂರ್ಣ ಬಣ್ಣಕ್ಕೆ ಸುಮಾರು ನಾಲ್ಕು ಮೆಗಾಬೈಟ್ ಬೇಕು. ಮೆಮೊರಿ ಪ್ಯಾನೆಲ್‌ನಲ್ಲಿ 32 ಬಿಟ್ ವಿಳಾಸ ಚಾಲೂ ಮಾಡಿ. ಟು, ಟು-ಎಕ್ಸ್, ಟು-ಸಿಎಕ್ಸ್, ಎಸ್‌ಇ/30 ಯಂತ್ರಗಳ ರೋಮ್ (ROM, ಯಂತ್ರದೊಳಗೆ ಕಾಯಂ ಬರೆದಿಟ್ಟ ತಂತ್ರಾಂಶ) ಇದಕ್ಕೆ ಸಿದ್ಧವಿಲ್ಲದ್ದರಿಂದ ಅವುಗಳಲ್ಲಿ ಆ ಆಯ್ಕೆಯೇ ಕಾಣದು. ಮೋಡ್32 ಎಂಬ ಸಣ್ಣ ತಂತ್ರಾಂಶ ಹಾಕಿದ ಮೇಲೆ ಬರುತ್ತದೆ.

ಹಳೆಯ 19, 21 ಇಂಚಿನ ಸಿಆರ್‌ಟಿ ಮಾನಿಟರ್ ಸಿಕ್ಕವರು ಅದು ಒಂದೇ ವೇಗದ್ದೋ ಹಲವು ವೇಗದ್ದೋ ಎಂದು ತಿಳಿಯುವವರೆಗೆ ಸಿಗ್ನಲ್ ಕೊಡಬೇಡಿ. ಆ ಕಾಲದ ದೊಡ್ಡ ಮಾನಿಟರ್‌ಗಳಲ್ಲಿ ಬಹಳಷ್ಟು ಒಂದೇ ವೇಗದವು. ಬೇರೆ ವೇಗ ಉಣಿಸಿದರೆ ಅಡ್ಡ ಸಾಲು ಎಳೆಯುವ ಟ್ರಾನ್ಸಿಸ್ಟರ್ ಸುಟ್ಟೇ ಹೋಗಬಹುದು. ಹಿಂಬದಿಯಲ್ಲಿ 75 ಓಮ್ ಸ್ವಿಚ್ ಇದ್ದರೆ ಅದನ್ನು ಚಾಲೂ ಇಡಿ, ಇಲ್ಲವಾದರೆ ಬಣ್ಣಗಳು ಹರಡಿ ಚಿತ್ರ ಉರಿಯುವಷ್ಟು ಬೆಳ್ಳಗಾಗುತ್ತದೆ. ಅಮೆರಿಕದಿಂದ ಬಂದದ್ದಾದರೆ ಹಿಂದಿನ ಚೀಟಿಯಲ್ಲಿ ವೋಲ್ಟೇಜ್ ಓದಿ. 110 ಮಾತ್ರ ಎಂದಿದ್ದರೆ ನಮ್ಮ 230ಕ್ಕೆ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು.

ಟು-ಸಿಐ, ಟು-ಎಸ್‌ಐ ಬಳಸುವವರು 256 ಬಣ್ಣಕ್ಕೆ ಹೋದೊಡನೆ ಯಂತ್ರ ನಿಧಾನವಾದದ್ದನ್ನು ಗಮನಿಸಿರುತ್ತಾರೆ. ಇವುಗಳ ಒಳ ವಿಡಿಯೋಗೆ ಸ್ವಂತ ಮೆಮೊರಿ ಇಲ್ಲ. ಮುಖ್ಯ ಮೆಮೊರಿಯ ಮೊದಲ ಬ್ಯಾಂಕಿನಿಂದ (ಮೊದಲ ಮೆಮೊರಿ ಗುಂಪಿನಿಂದ) ತೆಗೆದುಕೊಳ್ಳುತ್ತದೆ, ಪರದೆ ಎಳೆಯುವಾಗಲೆಲ್ಲ ಪ್ರೊಸೆಸರ್ ಆ ಬ್ಯಾಂಕಿಗಾಗಿ ಕಾಯುತ್ತದೆ. ಟು-ಎಸ್‌ಐನಲ್ಲಿ ಆ ಬ್ಯಾಂಕ್ ಬೋರ್ಡಿಗೇ ಬೆಸೆದ 1 ಮೆಗಾಬೈಟ್. ಸಿಸ್ಟಮ್ 7ರ ಮೆಮೊರಿ ಪ್ಯಾನೆಲ್‌ನಲ್ಲಿ ಡಿಸ್ಕ್ ಕ್ಯಾಶ್ 768 ಕಿಲೋಬೈಟ್‌ಗೆ ಏರಿಸಿದರೆ ಪರದೆ ಮತ್ತು ಕ್ಯಾಶ್ ಸೇರಿ ಆ ಮೆಗಾಬೈಟ್ ತುಂಬಿ, ತಂತ್ರಾಂಶಗಳು ವೇಗದ ಎರಡನೇ ಬ್ಯಾಂಕಿಗೆ ಸರಿಯುತ್ತವೆ. ಟು-ಸಿಐನಲ್ಲಿ ಮೊದಲ ಬ್ಯಾಂಕಿಗೆ 256 ಕಿಲೋಬೈಟ್‌ನ ನಾಲ್ಕು ಸಿಮ್ (ಸಿಕ್ಕಿಸುವ ಮೆಮೊರಿ ಪಟ್ಟಿ), ಎರಡನೆಯದಕ್ಕೆ ದೊಡ್ಡ ಸಿಮ್ ಹಾಕಿ ಇದೇ ಉಪಾಯ ಮಾಡಬಹುದು. ನೂಬಸ್ ಕಾರ್ಡ್ ಇದ್ದರೆ ಇದರ ಗೋಜೇ ಬೇಡ: ಒಳ ವಿಡಿಯೋದ ಕನೆಕ್ಟರ್ ಖಾಲಿ ಬಿಡಿ, ಪರದೆ ಇಲ್ಲವೆಂದು ತಿಳಿದ ಯಂತ್ರ ಆ ಮೆಮೊರಿಯನ್ನು ತಾನಾಗಿ ಬಿಟ್ಟುಕೊಡುತ್ತದೆ.